ಎರಡನೇ ಮಗು ಬೇಕಿತ್ತು, ಸಂಜೆ ನಾಲ್ಕರ ಮೇಲೆ ಯಾರೂ ಇರ್ಲಿಲ್ಲ: ಕೊರಿಯಾದ ಒಂದು ಮನೆಯ ಪ್ರಕರಣ

ಇದು ದಕ್ಷಿಣ ಕೊರಿಯಾದ ಒಂದು ಮನೆಯ ಕೇಸು. ಗಂಡ, ಹೆಂಡ್ತಿ ಇಬ್ಬರ ಹತ್ರನೂ ಬೇರೆ ಬೇರೆಯಾಗಿ ಮಾತಾಡಿ, ಬರೀಬಹುದಾ ಅಂತ ಕೇಳಿ ಬರೀತಿರೋದು. ಹೆಸರು ಇಲ್ಲ, ಕಂಪನಿ ಇಲ್ಲ, ಊರು ಸಿಯೋಲ್ ಸುತ್ತಲಿನ ಗ್ಯೊಂಗಿ ಪ್ರಾಂತ್ಯದಲ್ಲಿದೆ ಅನ್ನೋದಷ್ಟೇ ನಿಜ, ಗುರುತು ಸಿಗೋ ಅಂಥ ಒಂದೆರಡು ವಿವರ ಬೇಕಂತಲೇ ಬದಲಾಯಿಸಿದೀನಿ. ಶ್ರೀಮಂತ ದೇಶದ ಜನ ಯಾಕೆ ಮಕ್ಕಳು ಮಾಡ್ಕೊಳ್ತಿಲ್ಲ ಅಂತ ಯಾರನ್ನ ಕೇಳಿದ್ರೂ ಎರಡೇ ಉತ್ತರ ಬರುತ್ತೆ, ಒಂದು "ಈಗಿನೋರಿಗೆ ಸ್ವಾರ್ಥ ಜಾಸ್ತಿ", ಇನ್ನೊಂದು "ಖರ್ಚು ಜಾಸ್ತಿ". ಈ ಮನೆಯವರಿಗೆ ಎರಡನೇ ಮಗು ಬೇಕೇ ಬೇಕಿತ್ತು, ದುಡ್ಡು ತಕ್ಕಮಟ್ಟಿಗೆ ಇತ್ತು, ಸರ್ಕಾರ ಬೇರೆ ನಾನೂ ಕೊಡ್ತೀನಿ ಅಂತ ನಿಂತಿತ್ತು. ಆದ್ರೂ ಆಗ್ಲಿಲ್ಲ. ಎಲ್ಲಿ ಸಿಕ್ಕಾಕೊಳ್ತು ಅಂತ ವರ್ಷವರ್ಷ ಹಿಡಿದು ನೋಡೋಣ.

ಹಿನ್ನೆಲೆ

ಮೊದಲು ದೇಶದ್ದು, ಬೇಗ ಹೇಳಿ ಮುಗಿಸ್ತೀನಿ. 1970ರಲ್ಲಿ ಕೊರಿಯಾದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 4.5 ಮಕ್ಕಳು. ಆಗ ಸರ್ಕಾರವೇ ಹಿಂದೆ ಬಿದ್ದು ಎರಡೇ ಸಾಕು ಅಂತಿತ್ತು, 80ರ ದಶಕಕ್ಕೆ ಬಂದಾಗ ಎರಡೂ ಜಾಸ್ತಿನೇ ಅನ್ನೋಕೆ ಶುರು ಮಾಡ್ತು, ಸಂತಾನಹರಣ ಆಪರೇಷನ್ ಮಾಡಿಸ್ಕೊಂಡ ಗಂಡಸರಿಗೆ ಮೀಸಲು ಪಡೆಯ ತರಬೇತಿಯಿಂದ ವಿನಾಯ್ತಿ, ಹೊಸ ಅಪಾರ್ಟ್‌ಮೆಂಟ್ ಹಂಚಿಕೆಯಲ್ಲಿ ಆದ್ಯತೆ. (ಈಗ ಅದೇ ದೇಶದಲ್ಲಿ ಮಗು ಹುಟ್ಟಿದ್ರೆ ಮನೆ ಸಾಲದ ಬಡ್ಡಿ ಕಡಿಮೆ, ಅಪಾರ್ಟ್‌ಮೆಂಟ್ ಹಂಚಿಕೆಯಲ್ಲಿ ಆದ್ಯತೆ. ಆಮಿಷ ಅದೇ, ದಿಕ್ಕು ಉಲ್ಟಾ.) 1983ರ ಹೊತ್ತಿಗೆ ಆ ಸರಾಸರಿ 2.1ರ ಕೆಳಗಿಳೀತು, ಅಂದ್ರೆ ಮುಂದಿನ ತಲೆಮಾರು ಈಗಿನಷ್ಟೇ ದೊಡ್ಡದಾಗಿರೋಕೂ ಸಾಲಲ್ಲ ಅಂತ. 2018ರಲ್ಲಿ 1ರ ಕೆಳಗೆ ಹೋಯ್ತು. 2023ರಲ್ಲಿ 0.72, ಸಿಯೋಲ್‌ನಲ್ಲಂತೂ 0.55. 2006ರಿಂದ 2021ರವರೆಗೆ ಜನನ ಪ್ರಮಾಣ ಏರಿಸೋಕೆ ಅಂತ ಸರ್ಕಾರ ಲೆಕ್ಕ ತೋರಿಸಿರೋ ಖರ್ಚು ಸುಮಾರು 280 ಲಕ್ಷ ಕೋಟಿ ವಾನ್, ಅದರಲ್ಲಿ ಮನೆ ಸಾಲದಂಥ ಮಕ್ಕಳಿಗೆ ನೇರ ಸಂಬಂಧವೇ ಇಲ್ಲದ್ದೂ ಸೇರಿದೆ ಅಂತ ಅಲ್ಲಿಯವರೇ ಬೈತಾರೆ.

ಈಗ ಮನೆ ವಿಷಯ. ಗಂಡ ಒಂದು ದೊಡ್ಡ ಕಂಪನಿಯಲ್ಲಿ ಇಂಜಿನಿಯರ್, ಹೆಂಡ್ತಿ ಇನ್ನೊಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಪ್ರಾಡಕ್ಟ್ ಪ್ಲಾನಿಂಗ್. 2013ರಲ್ಲಿ ಮದುವೆ. ಮಗು 2017ರಲ್ಲಿ. ಮಧ್ಯದ ನಾಲ್ಕು ವರ್ಷ ಏನ್ ಮಾಡ್ತಿದ್ರಿ ಅಂದ್ರೆ ಜೊನ್ಸೆ ಅಂದ್ರು. ಅಲ್ಲಿನ ಬಾಡಿಗೆ ಪದ್ಧತಿ ಅದು, ತಿಂಗಳ ಬಾಡಿಗೆ ಇಲ್ಲ, ಮನೆಯ ಬೆಲೆಯ ಅರ್ಧದಷ್ಟೋ ಅದಕ್ಕಿಂತ ಜಾಸ್ತಿನೋ ಒಂದೇ ಗಂಟಲ್ಲಿ ಡಿಪಾಸಿಟ್ ಇಡ್ಬೇಕು, ಎರಡು ವರ್ಷಕ್ಕೊಮ್ಮೆ ಕರಾರು, ಬಿಡುವಾಗ ಗಂಟು ವಾಪಸ್. ಆ ಗಂಟು ಕೂಡಿಸೋಕೆ ಸಾಲ, ಸಾಲ ತೀರಿಸೋಕೆ ಎರಡು ಸಂಬಳ, ಎರಡು ಸಂಬಳ ಬೇಕು ಅಂದ್ರೆ ಮಗು ಆಮೇಲೆ. ಹಂಗಾಗಿ ಸಿಯೋಲ್ ಬಿಟ್ಟು ಹೊರಗಡೆ ಹೊಸ ಬಡಾವಣೆಗೆ ಹೋದ್ರು, ಡಿಪಾಸಿಟ್ ಕಡಿಮೆ ಆಯ್ತು, ಆಫೀಸಿಗೆ ಹೋಗಿ ಬರೋಕೆ ಒಂದೊಂದು ಕಡೆಗೂ ಗಂಟೆ ಮೇಲಾಯ್ತು. ಈ ಗಂಟೆ ಲೆಕ್ಕ ಮುಂದೆ ಮತ್ತೆ ಮತ್ತೆ ಬರುತ್ತೆ. ದುಡ್ಡು ಉಳಿಸೋಕೆ ಹೊತ್ತು ಕೊಟ್ರು, ಮಗು ಬಂದ ಮೇಲೆ ಬೇಕಾಗಿದ್ದು ಆ ಹೊತ್ತೇ.

ಸಮಸ್ಯೆ ಎಲ್ಲಿ ಶುರುವಾಯ್ತು

ಹೆಂಡ್ತಿ 90 ದಿನದ ಹೆರಿಗೆ ರಜೆ, ಅದರ ಮೇಲೆ ಒಂದು ವರ್ಷದ ಪೇರೆಂಟಲ್ ಲೀವ್ (ಮಗು ನೋಡ್ಕೊಳ್ಳೋಕೆ ಅಂತ ಅಪ್ಪ ಅಮ್ಮಂಗೆ ಸಿಗೋ ರಜೆ) ತಗೊಂಡ್ಲು. ಕಾನೂನು ಪ್ರಕಾರ ಗಂಡಂಗೂ ಒಂದು ವರ್ಷ ಇತ್ತು. ಆತ ತಗೊಳ್ಲಿಲ್ಲ, ಆಗ ಅವರ ಡಿಪಾರ್ಟ್‌ಮೆಂಟಲ್ಲಿ ಯಾರೂ ತಗೊಂಡಿರ್ಲಿಲ್ಲ, "ತಗೋಬಾರ್ದು ಅಂತ ಯಾರೂ ಹೇಳ್ಲಿಲ್ಲ, ಕೇಳೋ ಧೈರ್ಯ ನಂಗೇ ಬರ್ಲಿಲ್ಲ" ಅಂದ. ರಜೆಯ ಭತ್ಯೆ ಉದ್ಯೋಗ ವಿಮೆಯಿಂದ ಬರುತ್ತೆ, ಆಗಿನ ನಿಯಮದಲ್ಲಿ ಒಂದು ವಿಚಿತ್ರ ಇತ್ತು, ಭತ್ಯೆಯ 25 ಪರ್ಸೆಂಟ್ ಹಿಡ್ಕೊಂಡು, ವಾಪಸ್ ಬಂದು ಆರು ತಿಂಗಳು ಕೆಲಸ ಮಾಡಿದ ಮೇಲೆ ಕೊಡೋದು. ಹೆಂಗಸರು ರಜೆ ಮುಗಿಸಿ ಕೆಲಸ ಬಿಡದೇ ಇರ್ಲಿ ಅನ್ನೋದು ಉದ್ದೇಶ. ಈಕೆ ವಾಪಸ್ ಬಂದಾಗ ಅವಳ ಟೀಮ್ ಬೇರೆಯವರ ಕೈಲಿತ್ತು, ಈಕೆಗೆ ಸಪೋರ್ಟ್ ವಿಭಾಗದಲ್ಲಿ ಒಂದು ಸೀಟು. ಸಂಬಳ ಅಷ್ಟೇ, ಪದವಿ ಅಷ್ಟೇ, ಕೆಲಸ ಮಾತ್ರ ಯಾರು ಬೇಕಾದ್ರೂ ಮಾಡೋ ಅಂಥದ್ದು. "ಸ್ವಲ್ಪ ದಿನ ಹಗುರಾಗಿರ್ಲಿ ಅಂತ ನಿಮ್ಮ ಒಳ್ಳೇದಕ್ಕೇ ಹಾಕಿದೀವಿ" ಅಂತ ಮ್ಯಾನೇಜರ್ರು ತುಂಬ ಮರ್ಯಾದೆಯಿಂದ್ಲೇ ಹೇಳಿದ್ರಂತೆ. ಆ ಆರು ತಿಂಗಳು ಕಳೆದು ಹಿಡ್ಕೊಂಡಿದ್ದ ದುಡ್ಡು ಅಕೌಂಟಿಗೆ ಬಂದ ದಿನವೇ ರಾಜೀನಾಮೆ ಪತ್ರ ಟೈಪ್ ಮಾಡಿದ್ಲು, ಕಳಿಸ್ಲಿಲ್ಲ. ಯಾಕೆ ಕಳಿಸ್ಲಿಲ್ಲ ಅಂದ್ರೆ ಜೊನ್ಸೆ ಸಾಲ.

ಕೊರಿಯಾದಲ್ಲಿ ಗಂಡಸರು ಹೆಂಗಸರ ಸಂಬಳದ ನಡುವಿನ ವ್ಯತ್ಯಾಸ ಸುಮಾರು 30 ಪರ್ಸೆಂಟ್, ಓಇಸಿಡಿ ಅನ್ನೋ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರೋ ಕೂಟದಲ್ಲೇ ಅತಿ ಹೆಚ್ಚು. ಅದು ಹೆಂಗೆ ಹುಟ್ಟುತ್ತೆ ಅಂತ ನೋಡ್ಬೇಕು ಅಂದ್ರೆ ಇಂಥ ಸೀಟು ನೋಡ್ಬೇಕು. ಯಾರೂ ಯಾರ ಸಂಬಳಾನೂ ಕಡಿಮೆ ಮಾಡ್ಲಿಲ್ಲ, ಮುಂದಿನ ಪ್ರಮೋಷನ್ ಮಾತ್ರ ಸದ್ದಿಲ್ದೆ ಬೇರೆ ಕಡೆ ಹೋಯ್ತು.

ಡೇಕೇರ್ ಬಗ್ಗೆ ಒಂದು ಮಾತು, ಯಾಕಂದ್ರೆ "ಡೇಕೇರ್ ಫ್ರೀ ಕೊಟ್ರೆ ಮಕ್ಕಳು ಹುಟ್ತಾರೆ" ಅನ್ನೋರು ಬಹಳ ಜನ. ಕೊರಿಯಾದಲ್ಲಿ 2013ರಿಂದ ಆದಾಯ ನೋಡದೆ 0ಯಿಂದ 5 ವರ್ಷದ ಮಕ್ಕಳಿಗೆಲ್ಲ ಡೇಕೇರ್ ಫೀಸನ್ನ ಸರ್ಕಾರವೇ ಕೊಡುತ್ತೆ. 2020ರ ಮಾರ್ಚಿಂದ ಅದನ್ನ ಎರಡು ಭಾಗ ಮಾಡಿದ್ರು, ಮೂಲ ಅವಧಿ ಸಂಜೆ 4ರ ತನಕ, ಹೆಚ್ಚುವರಿ ಅವಧಿ 4ರಿಂದ 7.30. ಕಾಗದದ ಮೇಲೆ ಎಲ್ಲಾ ಸರಿ ಇದೆ. ನಿಜದಲ್ಲಿ ಬಹಳಷ್ಟು ಮಕ್ಕಳು ನಾಲ್ಕಕ್ಕೇ ಹೊರಟುಬಿಡ್ತಾರೆ, ಅಜ್ಜಿ ಬರ್ತಾರೆ, ಮನೇಲಿರೋ ಅಮ್ಮ ಬರ್ತಾರೆ. ಆಕೆ ಒಂದು ದಿನದ್ದು ಹೇಳಿದ್ಲು. ಮೀಟಿಂಗ್ ತಡ ಆಗಿ, ಮೆಟ್ರೋ ಇಳಿದು ಓಡಿ, ಏಳು ಗಂಟೆ ದಾಟಿ ಹೋದ್ರೆ, ಬಾಗಿಲ ಹತ್ರದ ಚಪ್ಪಲಿ ಗೂಡಲ್ಲಿ ಒಂದೇ ಜೊತೆ ಪುಟ್ಟ ಶೂ, ಟೀಚರ್ ಆಗಲೇ ಕೋಟು ಹಾಕ್ಕೊಂಡು, ಮಗುಗೂ ಜಾಕೆಟ್ ಹಾಕಿ ಜಿಪ್ ಎಳೆದು ರೆಡಿ ಮಾಡಿ ಕೂರ್ಸಿದ್ರು. ಟೀಚರ್ ಒಂದೂ ಮಾತಾಡ್ಲಿಲ್ಲ. "ಬೈದಿದ್ರೆ ಚೆನ್ನಾಗಿತ್ತು" ಅಂದ್ಲು. ಆಮೇಲೆ ಹೆಚ್ಚುವರಿ ಅವಧಿಯನ್ನ ಆಕೆ ಕಡಿಮೆನೇ ಬಳಸಿದ್ದು, ಸೌಲಭ್ಯ ಇದ್ರೂ ತನ್ನ ಮಗುನೇ ಯಾವಾಗ್ಲೂ ಕೊನೇದು ಅನ್ನೋದನ್ನ ತಡ್ಕೊಳೋಕೆ ಆಗ್ಲಿಲ್ಲ.

ಏನೇನು ಮಾಡಿ ನೋಡಿದ್ರು

ಮೊದಲನೇದು, ಅಮ್ಮ. ಹೆಂಡ್ತಿಯ ತಾಯಿ ಪಕ್ಕದ ಊರಿಂದ ಸೋಮವಾರದಿಂದ ಶುಕ್ರವಾರ ಬರ್ತಿದ್ರು, ನಾಲ್ಕಕ್ಕೆ ಮಗುನ ಕರ್ಕೊಂಡು ಬಂದು, ತಿನ್ಸಿ, ಇವರು ಬಂದ ಮೇಲೆ ಬಸ್ ಹಿಡಿಯೋರು. ಕೋವಿಡ್ ಬಂದಾಗ ಡೇಕೇರ್ ಮುಚ್ಚಿ ನಾಲ್ಕರ ಬದಲು ಬೆಳಿಗ್ಗೆ ಏಳರಿಂದಲೇ ಅವರ ಡ್ಯೂಟಿ. ಈ ವ್ಯವಸ್ಥೆ ಚೆನ್ನಾಗಿ ನಡೀತಿದ್ದಾಗಲೇ, 2021ರಲ್ಲಿ, ಎರಡನೇ ಮಗುವಿನ ಮಾತು ಮೊದಲ ಸಲ ಗಟ್ಟಿಯಾಗಿ ಬಂದಿದ್ದು. ಗಂಡ ಒಬ್ಬನೇ ಮಗ ಆಗಿ ಬೆಳೆದೋನು, ತನ್ನ ಮಗು ಹಂಗೆ ಬೆಳೀಬಾರ್ದು ಅಂತ ಆತಂಗೆ ಜಾಸ್ತಿ ಆಸೆ. ಹೆಂಡ್ತಿ ಒಂದೇ ಪ್ರಶ್ನೆ ಕೇಳಿದ್ಲು, "ಅಮ್ಮಂಗೆ ಯಾರು ಹೇಳೋದು?" ಇದೇ ನನ್ನ ಪ್ರಕಾರ ಮೊದಲ ತಿರುವು. ಇನ್ನೊಂದು ಮಗು ಬೇಕಾ ಅಂತ ಗಂಡ ಹೆಂಡ್ತಿ ತೀರ್ಮಾನ ಮಾಡ್ತಿದೀವಿ ಅನ್ಕೊಂಡಿದ್ರು, ಆದ್ರೆ ಕೆಲಸ ಬೀಳ್ತಿದ್ದಿದ್ದು ಅರವತ್ತು ದಾಟಿದ ಇನ್ನೊಬ್ರ ಮೇಲೆ. ಇಬ್ಬರೂ ಹೇಳ್ಲಿಲ್ಲ. ಮುಂದಿನ ಜೊನ್ಸೆ ಕರಾರು ಆದ ಮೇಲೆ ನೋಡೋಣ ಅಂತ ಮುಂದಕ್ಕೆ ಹಾಕಿದ್ರು. 2022ರಲ್ಲಿ ತಾಯಿಗೆ ಮಂಡಿ ಆಪರೇಷನ್ ಆಯ್ತು, ಆ ಮಾತು ಅಲ್ಲಿಗೆ ನಿಂತೇ ಹೋಯ್ತು.

ಎರಡನೇದು, ದುಡ್ಡು ಕೊಟ್ಟು ಆಂಟಿ ಒಬ್ರನ್ನ ಇಟ್ಕೊಂಡ್ರು, ದಿನಾ ಸಂಜೆ ಮೂರೂವರೆ ಗಂಟೆ. ಹೆಂಡ್ತಿ ಸಂಬಳದ ಮೂರರಲ್ಲಿ ಒಂದು ಭಾಗ ಹೋಗ್ತಿತ್ತು. ದುಡ್ಡಿಗಿಂತ ತಲೆನೋವು ಅಂದ್ರೆ ಆ ಆಂಟಿ ಬರ್ದೇ ಇದ್ದ ದಿನ, ಬೆಳಿಗ್ಗೆ ಆರೂವರೆಗೆ ಮೆಸೇಜ್, ಇಬ್ಬರಲ್ಲಿ ಯಾರು ರಜೆ ಹಾಕೋದು ಅನ್ನೋ ಚರ್ಚೆ. ಚರ್ಚೆ ಅನ್ನೋದು ಸುಮ್ನೆ, ಪ್ರತಿ ಸಲಾನೂ ಹೆಂಡ್ತಿನೇ. ಹೆಂಗೂ ಆಕೆ ಸಪೋರ್ಟ್ ಸೀಟಲ್ಲಿದಾಳೆ, ಆತಂದು "ಮುಖ್ಯ" ಕೆಲಸ. ಆ ಸೀಟಿಗೆ ಆಕೆ ಯಾಕೆ ಹೋದ್ಲು ಅನ್ನೋದು ಅಷ್ಟೊತ್ತಿಗೆ ಇಬ್ಬರಿಗೂ ಮರ್ತೇ ಹೋಗಿತ್ತು ಅನ್ಸುತ್ತೆ.

ಮೂರನೇದು, ಗಂಡ 2023ರಲ್ಲಿ ಕೊನೆಗೂ ಪೇರೆಂಟಲ್ ಲೀವ್ ಬಗ್ಗೆ ಬಾಯಿಬಿಟ್ಟ. ಕಾನೂನು ಪ್ರಕಾರ ಇಲ್ಲ ಅನ್ನೋ ಹಂಗಿಲ್ಲ, ಮಗುಗೆ ಎಂಟು ವರ್ಷ ಆಗೋವರೆಗೆ ಅಥವಾ ಎರಡನೇ ಕ್ಲಾಸ್ ಮುಗಿಯೋವರೆಗೆ ತಗೋಬಹುದು. ಮೇಲಿನೋರು ಇಲ್ಲ ಅನ್ಲಿಲ್ಲ, "ಈ ಪ್ರಾಜೆಕ್ಟ್ ಮುಗೀಲಿ, ಆಮೇಲೆ ಆರಾಮಾಗಿ ತಗೊಳ್ಳಿ" ಅಂದ್ರು. ಪ್ರಾಜೆಕ್ಟ್ ಯಾವತ್ತು ತಾನೇ ಮುಗಿಯುತ್ತೆ. 2018ರ ಜುಲೈಯಿಂದ ದೊಡ್ಡ ಕಂಪನಿಗಳಲ್ಲಿ ವಾರಕ್ಕೆ 52 ಗಂಟೆ ಮೀರಬಾರ್ದು ಅಂತ ಕಾನೂನು ಬಂದು ಈತ ಮನೆಗೆ ಬರೋ ಹೊತ್ತು ಒಂಬತ್ತೂವರೆಯಿಂದ ಎಂಟಕ್ಕೆ ಇಳಿದಿತ್ತು, ದೊಡ್ಡ ಸುಧಾರಣೆನೇ, ಸುಳ್ಳಲ್ಲ. ಆದ್ರೆ ಮಗು ಕಾಯೋದು ನಾಲ್ಕಕ್ಕೆ.

ಎಕ್ಸೆಲ್ ಶೀಟು

2024ರ ಮಾರ್ಚಲ್ಲಿ ಮಗು ಒಂದನೇ ಕ್ಲಾಸಿಗೆ ಸೇರ್ತು. ಹೊರಗಿನೋರಿಗೆ ಗೊತ್ತಾಗದೇ ಇರೋ ವಿಷಯ ಇದು, ಅಲ್ಲಿ ಸ್ಕೂಲ್ ಸೇರಿದ ಮೇಲೆ ಕಷ್ಟ ಕಡಿಮೆ ಆಗಲ್ಲ, ಜಾಸ್ತಿ ಆಗುತ್ತೆ. ಡೇಕೇರ್ ಆದ್ರೆ ನಾಲ್ಕರವರೆಗೆ ಇತ್ತು, ಒಂದನೇ ಕ್ಲಾಸ್ ಊಟ ಹಾಕಿ ಒಂದು ಗಂಟೆ ಆಸುಪಾಸಿಗೆ ಮನೆಗೆ ಕಳಿಸಿಬಿಡುತ್ತೆ. ಇಷ್ಟು ವರ್ಷ ತಡ್ಕೊಂಡಿದ್ದ ಎಷ್ಟೋ ಅಮ್ಮಂದಿರು ಕೆಲಸ ಬಿಡೋದು ಈ ವರ್ಷವೇ. ಆ ಖಾಲಿ ಮಧ್ಯಾಹ್ನ ತುಂಬೋದು ಹಾಗ್ವನ್, ಅಂದ್ರೆ ಪ್ರೈವೇಟ್ ಟ್ಯೂಷನ್ ಸೆಂಟರ್‌ಗಳು. 2023ರಲ್ಲಿ ಕೊರಿಯಾದ ಸ್ಕೂಲ್ ಮಕ್ಕಳಲ್ಲಿ 78.5 ಪರ್ಸೆಂಟ್ ಯಾವುದಾದ್ರೂ ಒಂದು ಪ್ರೈವೇಟ್ ಕ್ಲಾಸಿಗೆ ಹೋಗ್ತಿದ್ರು, ಒಟ್ಟು ಖರ್ಚು 27 ಲಕ್ಷ ಕೋಟಿ ವಾನ್ ದಾಟಿತ್ತು. ಇದನ್ನ ಓದಿ "ಅಲ್ಲಿನ ಅಪ್ಪ ಅಮ್ಮಂದಿರಿಗೆ ಮಾರ್ಕ್ಸ್ ಹುಚ್ಚು" ಅಂತ ಎಲ್ಲರೂ ಹೇಳ್ತಾರೆ, ಹುಚ್ಚು ಇರೋದೂ ನಿಜ. ಆದ್ರೆ ಏಳು ವರ್ಷದ ಮಗು ಟೇಕ್ವಾಂಡೋ ಕ್ಲಾಸಿಗೆ ಹೋಗೋದು ಯಾವ ಮಾರ್ಕ್ಸಿಗೆ? ಅವರ ವ್ಯಾನು ಸ್ಕೂಲ್ ಗೇಟಿಗೆ ಬಂದು ಮಗುನ ಹತ್ತಿಸ್ಕೊಳ್ಳುತ್ತೆ, ಕ್ಲಾಸ್ ಮುಗಿದ ಮೇಲೆ ಮುಂದಿನ ಕ್ಲಾಸ್ ಬಾಗಿಲಿಗೆ ಇಳಿಸುತ್ತೆ, ಅದಕ್ಕೆ.

ಇವರ ಮನೆ ಫ್ರಿಜ್ ಮೇಲೆ ಒಂದು ಎಕ್ಸೆಲ್ ಶೀಟು ಪ್ರಿಂಟ್ ಹಾಕಿ ಅಂಟಿಸಿದ್ರು. 12.50 ಸ್ಕೂಲ್ ಬಿಡೋದು. 1ರಿಂದ 2.20 ಸ್ಕೂಲಲ್ಲೇ ಆಕ್ಟಿವಿಟಿ ಕ್ಲಾಸ್. 2.30 ಟೇಕ್ವಾಂಡೋ ವ್ಯಾನು. 4.10 ಪಿಯಾನೋ, ಅದೇ ಬಿಲ್ಡಿಂಗು, ಮೂರನೇ ಮಹಡಿ. 5.15 ಆಂಟಿ ಬಂದು ಕರ್ಕೊಂಡು ಹೋಗೋದು. 7.20 ಅಮ್ಮ. ಪ್ರತಿ ಸಾಲಿನ ಪಕ್ಕ ಒಂದು ಹೆಸರು, ಒಂದು ಫೋನ್ ನಂಬರ್. ಹೆಂಡ್ತಿ ಆ ಟೈಮಲ್ಲಿ ಕೆಲಸದ ಅವಧಿ ಕಡಿಮೆ ಮಾಡೋ ಸ್ಕೀಮಿಗೆ ಅರ್ಜಿ ಹಾಕಿದ್ಲು, ಚಿಕ್ಕ ಮಕ್ಕಳಿರೋರು ವಾರಕ್ಕೆ 15ರಿಂದ 35 ಗಂಟೆಗೆ ಇಳಿಸ್ಕೋಬಹುದು ಅಂತ ಇದೆ. ಸಿಕ್ತು ಕೂಡ. ಗಂಟೆ ಇಳೀತು, ಕೆಲಸ ಇಳೀಲಿಲ್ಲ, ಉಳಿದಿದ್ದು ಮಗು ಮಲಗಿದ ಮೇಲೆ ಲ್ಯಾಪ್‌ಟಾಪಲ್ಲಿ.

ಆ ವರ್ಷ ಎರಡನೇ ಮಗುವಿನ ಬಗ್ಗೆ ಕೊನೇ ಸಲ ಕೂತು ಲೆಕ್ಕ ಹಾಕಿದ್ರು, ಆಕೆಗೆ ಆಗಲೇ 39. ಗಂಡ ದುಡ್ಡಿನ ಪಟ್ಟಿ ಮಾಡ್ದ. ಎರಡನೇ ಮಗು ಹುಟ್ಟಿದ ತಕ್ಷಣ 30 ಲಕ್ಷ ವಾನ್ ವೋಚರ್, ಮೊದಲ ವರ್ಷ ತಿಂಗಳಿಗೆ 10 ಲಕ್ಷ, ಎರಡನೇ ವರ್ಷ ತಿಂಗಳಿಗೆ 5 ಲಕ್ಷ (ಡೇಕೇರ್‌ಗೆ ಹಾಕಿದ್ರೆ ಅದರ ಫೀಸನ್ನ ಇದರಲ್ಲೇ ಕಳೀತಾರೆ), ಎಂಟು ವರ್ಷ ತುಂಬೋವರೆಗೆ ತಿಂಗಳಿಗೆ 1 ಲಕ್ಷ, ಮೇಲೆ ಹೊಸದಾಗಿ ಹುಟ್ಟಿದ ಮಗು ಇದ್ರೆ ಮನೆ ಸಾಲಕ್ಕೆ ಕಡಿಮೆ ಬಡ್ಡಿ. ವೋಚರು, ಎರಡು ವರ್ಷದ ಹಣ ಸೇರಿದ್ರೇನೇ 2 ಕೋಟಿ 10 ಲಕ್ಷ ವಾನ್. ಕಮ್ಮಿ ಏನಲ್ಲ. ಆತ ಖುಷಿಯಾಗಿದ್ದ.

ಹೆಂಡ್ತಿ ಫ್ರಿಜ್ ಮೇಲಿನ ಶೀಟಿನ ಫೈಲ್ ಓಪನ್ ಮಾಡಿ ಪಕ್ಕದಲ್ಲಿ ಇನ್ನೊಂದು ಕಾಲಮ್ ಹಾಕಿದ್ಲು. ಎರಡನೇ ಮಗು, ಮೊದಲ ವರ್ಷ, ಸರಿ, ರಜೆಯಲ್ಲಿರ್ತೀನಿ. ಎರಡನೇ ವರ್ಷ, ಡೇಕೇರ್, ನಾಲ್ಕು ಗಂಟೆ ಮೇಲೆ? ಖಾಲಿ. ಎರಡು ಕಡೆ ಎರಡು ಮಕ್ಕಳು, ಒಂದೇ ಹೊತ್ತಿಗೆ ಕರ್ಕೊಂಡು ಬರ್ಬೇಕು? ಖಾಲಿ. ಜ್ವರ ಬಂದ ದಿನ? ಅಲ್ಲಿ ತನ್ನ ಹೆಸರು ಟೈಪ್ ಮಾಡಿ, ಅಳಿಸಿ, ಗಂಡನ ಕಡೆ ಲ್ಯಾಪ್‌ಟಾಪ್ ತಿರುಗಿಸಿ "ಇಲ್ಲಿ ನೀನು ಬರೀ" ಅಂದ್ಲು. ಆತ ಆವತ್ತು ಬರೀಲಿಲ್ಲ. ಜಗಳ ಆಗ್ಲಿಲ್ಲ, ಬೇಡ ಅಂತ ಯಾರೂ ಹೇಳ್ಲೂ ಇಲ್ಲ, ಆ ಫೈಲನ್ನ ಮತ್ತೆ ಯಾರೂ ಓಪನ್ ಮಾಡ್ಲಿಲ್ಲ, ಅಷ್ಟೇ. ಆಕೆ ಪ್ರಕಾರ ತೀರ್ಮಾನ ಆಗಿದ್ದು ಆವತ್ತು. ಆತನ ಪ್ರಕಾರ ತೀರ್ಮಾನ ಅಂತ ಯಾವತ್ತೂ ಆಗ್ಲೇ ಇಲ್ಲ, "ಹಂಗೇ ಹೊತ್ತು ಹೋಯ್ತು".

ಆಮೇಲೆ ಆಗಿದ್ದು

ಈ ಕೇಸಲ್ಲಿ ನಂಗೆ ತುಂಬ ಕಾಡೋದು ಇದರ ಟೈಮಿಂಗು. ಅದೇ ವರ್ಷ ಎರಡನೇ ಸೆಮಿಸ್ಟರ್‌ನಿಂದ ಸರ್ಕಾರ ಒಂದನೇ ಕ್ಲಾಸಿನ ಮಕ್ಕಳಿಗೆ ದೇಶಾದ್ಯಂತ ನುಲ್ಬೊಮ್ ಅನ್ನೋ ಸ್ಕೀಮ್ ತಂತು, ಕ್ಲಾಸ್ ಮುಗಿದ ಮೇಲೆ ಎರಡು ಗಂಟೆ ಫ್ರೀ ಚಟುವಟಿಕೆ, ಬೇಕಾದೋರಿಗೆ ರಾತ್ರಿ ಎಂಟರವರೆಗೂ ಸ್ಕೂಲಲ್ಲೇ ನೋಡ್ಕೊಳ್ಳೋದು. 2025ರ ಜನವರಿಯಿಂದ ಪೇರೆಂಟಲ್ ಲೀವ್ ಭತ್ಯೆಯನ್ನ ಮೊದಲ ಮೂರು ತಿಂಗಳಿಗೆ ತಿಂಗಳಿಗೆ 25 ಲಕ್ಷ ವಾನ್‌ವರೆಗೆ ಏರಿಸಿದ್ರು, 25 ಪರ್ಸೆಂಟ್ ಹಿಡ್ಕೊಳ್ಳೋದನ್ನ ತೆಗೆದುಹಾಕಿದ್ರು. ಫೆಬ್ರವರಿಯಿಂದ ಹೆರಿಗೆ ಟೈಮಲ್ಲಿ ಗಂಡಂಗೆ ಸಿಗೋ ರಜೆ 10 ದಿನದಿಂದ 20 ದಿನ ಆಯ್ತು, ಇವರ ಮಗು ಹುಟ್ಟಿದಾಗ ಸಂಬಳ ಸಮೇತ ಸಿಕ್ಕಿದ್ದು ಬರೀ ಮೂರು ದಿನ.

ಗಂಡ 2025ರ ಮಾರ್ಚಲ್ಲಿ ಆರು ತಿಂಗಳು ರಜೆ ತಗೊಂಡ. ಆ ಹೊತ್ತಿಗೆ ಗಾಳಿ ಸ್ವಲ್ಪ ಬದಲಾಗಿತ್ತು, 2024ರಲ್ಲಿ ಪೇರೆಂಟಲ್ ಲೀವ್ ತಗೊಂಡೋರಲ್ಲಿ ಗಂಡಸರ ಪಾಲು ಮೊದಲ ಸಲ 30 ಪರ್ಸೆಂಟ್ ದಾಟಿತ್ತು. ಮೊದಲ ಎರಡು ವಾರ ಆತಂಗೆ ಫೋನ್ ನಂಬರ್‌ಗಳೇ ಗೊತ್ತಿರ್ಲಿಲ್ಲ, ಟೇಕ್ವಾಂಡೋ ವ್ಯಾನಿನ ಡ್ರೈವರ್ ಆತನ್ನ ನೋಡಿ "ಮಗುಗೆ ನೀವೇನಾಗ್ಬೇಕು" ಅಂತ ಕೇಳಿದ್ರಂತೆ. ಮೂರನೇ ತಿಂಗಳಿಗೆ ಮನೆ ಎಷ್ಟು ನಿರಾಳ ಆಯ್ತು ಅಂದ್ರೆ, ಹೆಂಡ್ತಿ ಹಳೇ ಪ್ಲಾನಿಂಗ್ ಟೀಮಿಗೆ ವಾಪಸ್ ಹೋಗೋಕೆ ಅರ್ಜಿ ಹಾಕಿದ್ಲು, ಸಿಕ್ತು. ಆಗ ಇನ್ನೊಂದು ಮಗುವಿನ ಮಾತನ್ನ ಮತ್ತೆ ತೆಗೆದಿದ್ದು, ಆಶ್ಚರ್ಯ ಅಂದ್ರೆ, ಆಕೆ. ಡಾಕ್ಟರ್ ಹತ್ರ ಹೋಗಿ ಬಂದ್ರು. 40ರಲ್ಲಿ ಆಗೋದೇ ಇಲ್ಲ ಅಂತಲ್ಲ, ಚಿಕಿತ್ಸೆ ಬೇಕಾಗಬಹುದು ಅಂದ್ರು. ಚಿಕಿತ್ಸೆ ಅಂದ್ರೆ ಪದೇ ಪದೇ ರಜೆ, ಈಗಷ್ಟೇ ಸಿಕ್ಕಿದ ಸೀಟು. ಬೇಡ ಅಂದ್ಲು. ಈ ಸಲ ಬಾಯಿಬಿಟ್ಟೇ ಹೇಳಿದ್ಲು, ಗಂಡ ಒಪ್ಕೊಂಡ.

ಇದರಿಂದ ಏನು ತಿಳ್ಕೋಬಹುದು

ಹುಟ್ಟಿದಾಗ ಕೊಡೋ ದುಡ್ಡು ಈ ಮನೆಯ ಪ್ರಶ್ನೆಗೆ ಉತ್ತರವೇ ಆಗಿರ್ಲಿಲ್ಲ. ಅವರ ಪ್ರಶ್ನೆ ಇದ್ದಿದ್ದು ದಿನಾ ಸಂಜೆಯ ಮೂರೂವರೆ ಗಂಟೆ, ಅದೂ ಹತ್ತು ಹನ್ನೊಂದು ವರ್ಷ. ಸರ್ಕಾರದ ಲೆಕ್ಕದಲ್ಲಿ ಮಗು ಅಂದ್ರೆ 0ಯಿಂದ 2 ವರ್ಷದ ಖರ್ಚು, ಮನೆ ಲೆಕ್ಕದಲ್ಲಿ ಒಂದನೇ ಕ್ಲಾಸಿನ ಮಧ್ಯಾಹ್ನ. ಇನ್ನೊಂದು, ತಡವಾಗಿ ಬಂದ ಒಳ್ಳೇ ಸ್ಕೀಮು ಮೊದಲನೇ ಮಗುಗೆ ಉಪಯೋಗ ಆಯ್ತು, ಎರಡನೇದಕ್ಕೆ ಆಗ್ಲಿಲ್ಲ. ಇವೆಲ್ಲ 2018ರಲ್ಲೇ ಇದ್ದಿದ್ರೆ ಅಂತ ಇಬ್ಬರನ್ನೂ ಕೇಳ್ದೆ, ಇಬ್ಬರೂ ಯೋಚನೆ ಮಾಡದೆ ಇನ್ನೊಂದು ಮಗು ಆಗ್ತಿತ್ತು ಅಂದ್ರು. ನಂಬಬಹುದು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಗಂಡ ಆರೇ ತಿಂಗಳು ಮನೇಲಿದ್ದಿದ್ದಕ್ಕೇ ಮುಚ್ಚಿಹೋಗಿದ್ದ ಮಾತು ಮತ್ತೆ ತೆರ್ಕೊಳ್ತು.

ಆದ್ರೆ ಈ ಕೇಸನ್ನ ಹಿಡ್ಕೊಂಡು ಎಲ್ಲಾ ಶ್ರೀಮಂತ ದೇಶದ ಕಥೆನೂ ಇದೇ ಅನ್ನೋಕೆ ಹೋಗ್ಬೇಡಿ. ಫಿನ್ಲೆಂಡ್ ನೋಡಿ, ಅಲ್ಲಿ ಸ್ಕೂಲ್ ಸೇರೋ ಮುಂಚಿನ ಪ್ರತಿ ಮಗುಗೂ ಡೇಕೇರ್ ಕಾನೂನಿನ ಹಕ್ಕು, 2022ರಿಂದ ಅಪ್ಪಂಗೆ 160 ದಿನ ಅಮ್ಮಂಗೆ 160 ದಿನ ಪೇರೆಂಟಲ್ ಲೀವ್, ಆದ್ರೂ ಒಬ್ಬ ಹೆಂಗಸಿಗೆ ಮಕ್ಕಳ ಸರಾಸರಿ 2010ರಲ್ಲಿ 1.87 ಇದ್ದಿದ್ದು 2023ಕ್ಕೆ 1.26. ಅಲ್ಲಿ ಇಳಿಕೆಗೆ ದೊಡ್ಡ ಕಾರಣ ಜನ ಮೊದಲನೇ ಮಗುನೇ ಮಾಡ್ಕೊಳ್ದೇ ಇರೋದು, ಅದಕ್ಕೆ ಸಂಜೆ ನಾಲ್ಕರ ಉತ್ತರ ಸಾಲಲ್ಲ. ಕೊರಿಯಾದಲ್ಲೂ ಇವರ ಥರದವರು ಅರ್ಧ ಕಥೆ ಮಾತ್ರ, ಮದುವೆನೇ ಆಗದೆ ಉಳಿಯೋರದ್ದು ಇನ್ನೊಂದರ್ಧ, 2023ರಲ್ಲಿ ಅಲ್ಲಿ ಮದುವೆ ಆಚೆ ಹುಟ್ಟಿದ ಮಕ್ಕಳು 5 ಪರ್ಸೆಂಟ್‌ಗಿಂತ ಕಡಿಮೆ, ಹಂಗಾಗಿ ಮದುವೆ ಇಲ್ಲ ಅಂದ್ರೆ ಮಗುನೂ ಇಲ್ಲ ಅಂತಲೇ ಲೆಕ್ಕ. 2024ರಲ್ಲಿ ಒಂಬತ್ತು ವರ್ಷದಲ್ಲಿ ಮೊದಲ ಸಲ ಕೊರಿಯಾದ ಮಕ್ಕಳ ಸರಾಸರಿ ಏರಿ 0.75 ಆಯ್ತು, ಕೋವಿಡ್‌ನಲ್ಲಿ ನಿಂತಿದ್ದ ಮದುವೆಗಳು ಆಗಿದ್ದು, 90ರ ದಶಕದ ಶುರುವಲ್ಲಿ ಹುಟ್ಟಿದ ಸ್ವಲ್ಪ ದೊಡ್ಡ ಗುಂಪು ಮದುವೆ ವಯಸ್ಸಿಗೆ ಬಂದಿದ್ದು ಅದರ ಹಿಂದಿದೆ. ಸ್ಕೀಮುಗಳ ಪಾಲು ಎಷ್ಟು ಅಂತ ಈಗಲೇ ಬೆನ್ನು ತಟ್ಕೊಳ್ಳೋದು ಆತುರ.

ಗಂಡ ರಜೆ ಮುಗಿಸಿ ಸೆಪ್ಟೆಂಬರಲ್ಲಿ ಕೆಲಸಕ್ಕೆ ವಾಪಸ್ ಹೋದ, ಆತಂಗೂ ಬೇರೆ ಟೀಮ್ ಕೊಟ್ರು. ಕೆಲಸದ ಅವಧಿ ಕಡಿಮೆ ಮಾಡೋ ಸ್ಕೀಮು 2025ರ ಫೆಬ್ರವರಿಯಿಂದ ಆರನೇ ಕ್ಲಾಸಿನವರೆಗೂ ವಿಸ್ತರಣೆ ಆಗಿದೆ, ಆತ ಅದಕ್ಕೆ ಅರ್ಜಿ ಹಾಕಿದಾನೆ, ವಾರಕ್ಕೆ ಎರಡು ದಿನ ಮೂರೂವರೆಗೆ ಹೊರಡೋ ಹಾಗೆ. ಆತನ ಡಿಪಾರ್ಟ್‌ಮೆಂಟಲ್ಲಿ ಗಂಡಸರು ಹಾಕಿರೋ ಮೊದಲ ಅರ್ಜಿ ಅದು.